ದಾರಿಯ ಎಲ್ಲೆ, ಅಚ್ಚಿನ ಬಲ

ಅಮೆರಿಕದಲ್ಲಿ 1997ರಿಂದ 2006ರವರೆಗೆ ಮಾರಾಟವಾದ ಟಿಜೆ ಮಾದರಿಯ ಜೀಪ್ ರ‍್ಯಾಂಗ್ಲರ್ ಇವತ್ತಿಗೂ ಬಂಡೆದಾರಿ, ಕೆಸರುದಾರಿಗಳಲ್ಲಿ ಓಡಿಸುವವರಿಗೆ ಬಹಳ ಇಷ್ಟದ ಗಾಡಿ. ಆ ಗಾಡಿಗಳಲ್ಲಿ ಬಹುಪಾಲಿನ ಹಿಂಬದಿಗೆ ಕಂಪನಿ ಹಾಕಿಕೊಟ್ಟದ್ದು ಡಾನಾ 35 ಎಂಬ ಆಕ್ಸಲ್. ಹೆಚ್ಚು ದುಡ್ಡು ಕೊಟ್ಟವರಿಗೆ ಅದಕ್ಕಿಂತ ದೊಡ್ಡದಾದ ಡಾನಾ 44 ಸಿಗುತ್ತಿತ್ತು. 2003ರಲ್ಲಿ ಬಂದ ರೂಬಿಕಾನ್ ಆವೃತ್ತಿಗೆ ಹಿಂದೆ ಮುಂದೆ ಎರಡೂ ಕಡೆ ಅದನ್ನೇ ಹಾಕಿದರು. ಡಾನಾ 35 ಇರುವ ಗಾಡಿಯವರು ದೊಡ್ಡ ಟಯರ್ ಹಾಕಿಸಲು ಹೊರಟ ದಿನವೇ ಕವಲುದಾರಿಯಲ್ಲಿ ಬಂದು ನಿಲ್ಲುತ್ತಾರೆ. ಇದ್ದ ಆಕ್ಸಲ್‌ನೊಳಗೇ ಕ್ರೋಮೋಲಿ ಉಕ್ಕಿನ ದಪ್ಪ ಶಾಫ್ಟ್ ಹಾಕಿಸಿ ಬಲಪಡಿಸುವುದು ಒಂದು ದಾರಿ. ಇಡೀ ಆಕ್ಸಲ್ಲನ್ನೇ ಕಳಚಿ, ಡಾನಾ 44 ಅಥವಾ ಹಳೆಯ ಫೋರ್ಡ್ ಎಕ್ಸ್‌ಪ್ಲೋರರ್‌ನಿಂದ ಬಿಚ್ಚಿ ತಂದ 8.8 ಇಂಚಿನ ಆಕ್ಸಲ್ ಕೂರಿಸುವುದು ಇನ್ನೊಂದು. ಎಣ್ಣೆ, ಸೀಲು, ಬೇರಿಂಗು ನೋಡಿಕೊಂಡು ಇದ್ದದ್ದರಲ್ಲೇ ಓಡಿಸುವುದು ಮೂರನೆಯದು. ಯಾವುದು ಸರಿ ಎಂದು ಎಲ್ಲರೂ ಮೆಕ್ಯಾನಿಕ್ಕನ್ನು ಕೇಳುತ್ತಾರೆ. ಅವನು ಮಿಲಿಮೀಟರಿನಲ್ಲಿ, ಹಲ್ಲಿನ ಲೆಕ್ಕದಲ್ಲಿ, ದುಡ್ಡಿನಲ್ಲಿ ಉತ್ತರ ಹೇಳುತ್ತಾನೆ. ಅವನ ಉತ್ತರ ತಪ್ಪಲ್ಲ, ಆದರೆ ಅದು ಎರಡನೆಯ ಪ್ರಶ್ನೆಗೆ ಉತ್ತರ. ಮೊದಲನೆಯ ಪ್ರಶ್ನೆಯನ್ನು ಗಾಡಿಯ ಒಡೆಯ ತನಗೆ ತಾನೇ ಕೇಳಿಕೊಳ್ಳಬೇಕು: ನಾನು ಎಲ್ಲಿಯವರೆಗೆ ಹೋಗುತ್ತೇನೆ, ಎಲ್ಲಿಗೆ ಹೋಗುವುದಿಲ್ಲ? ಇದು ಧರ್ಮದ ಪ್ರಶ್ನೆ, ಅದರಲ್ಲೂ ಗೃಹಸ್ಥಧರ್ಮದ ಪ್ರಶ್ನೆ ಎಂದು ನಾನು ನಂಬಿದ್ದೇನೆ. ಗೃಹಸ್ಥರ ನಡತೆಯನ್ನು ಹೇಳುವ ಜೈನರ ಶ್ರಾವಕಾಚಾರದಲ್ಲಿ ಇದಕ್ಕೆ ಹೆಸರೂ ಇದೆ, ಕ್ರಮವೂ ಇದೆ. ಎಲ್ಲೆಯನ್ನು ಮೊದಲು ಹಾಕಿಕೊಂಡವನಿಗೆ ಯಾವ ಆಕ್ಸಲ್ ಬೇಕೆಂಬುದು ಹೆಚ್ಚು ಕಷ್ಟವಿಲ್ಲದೆ ತಿಳಿಯುತ್ತದೆ. ಆಕ್ಸಲ್ಲನ್ನು ಮೊದಲು ಆರಿಸಿದವನ ಎಲ್ಲೆಯನ್ನು ಆಮೇಲೆ ಆ ಆಕ್ಸಲ್ಲೇ ಹಿಗ್ಗಿಸುತ್ತ ಹೋಗುತ್ತದೆ.

ಈ ಮಾತು ಬರಿಯ ಉಪದೇಶವಾಗಬಾರದು ಎಂದರೆ ಲೋಹದ ಲೆಕ್ಕವನ್ನು ಮೊದಲು ನೋಡಬೇಕು. ಈ ಗಾಡಿಯ ಎಂಜಿನ್ ಕೊಡುವ ಟಾರ್ಕ್ ಮೊದಲ ಗೇರಿನಲ್ಲಿ ಸುಮಾರು ನಾಲ್ಕು ಪಟ್ಟಾಗುತ್ತದೆ. ಲೋ ರೇಂಜಿಗೆ ಹಾಕಿದರೆ ಟ್ರಾನ್ಸ್‌ಫರ್ ಕೇಸಿನಲ್ಲಿ 2.72 ಪಟ್ಟು ಏರುತ್ತದೆ; ಆಕ್ಸಲ್‌ನೊಳಗಿನ ಕ್ರೌನ್–ಪಿನಿಯನ್‌ನಲ್ಲಿ ಮತ್ತೆ ಹತ್ತಿರಹತ್ತಿರ ನಾಲ್ಕು ಪಟ್ಟು. ಹೀಗೆ ನಲವತ್ತು ಪಟ್ಟಿಗೂ ಮೀರಿ ಬೆಳೆದ ಬಲ ಕೊನೆಗೆ ಬಂದು ಬೀಳುವುದು ಸುಮಾರು 30 ಮಿಲಿಮೀಟರ್ ದಪ್ಪದ, 27 ಹಲ್ಲಿನ ಎರಡು ಶಾಫ್ಟ್‌ಗಳ ಮೇಲೆ. ಅದು ಪೂರ್ತಿಯಾಗಿ ಬೀಳುವುದೂ ಇಲ್ಲ, ಏಕೆಂದರೆ ಚಕ್ರ ನೆಲದ ಹಿಡಿತ ಕಳೆದುಕೊಂಡು ಜಾರಿದ ಕ್ಷಣಕ್ಕೆ ತಿರುಚುವ ಬಲ ಅಲ್ಲಿಗೇ ನಿಲ್ಲುತ್ತದೆ. ಸಾಮಾನ್ಯ ಡಿಫರೆನ್ಷಿಯಲ್ ಎರಡು ಚಕ್ರಗಳಿಗೂ ಬಲವನ್ನು ಸಮನಾಗಿ ಹಂಚುವುದರಿಂದ, ಒಂದು ಚಕ್ರ ಗಾಳಿಯಲ್ಲಿ ಸುತ್ತಿದರೆ ಇನ್ನೊಂದರ ಮೇಲಿನ ಒತ್ತಡವೂ ಇಳಿದುಬಿಡುತ್ತದೆ. ಗಾಡಿ ನಿಂತುಹೋಗುತ್ತದೆ, ಶಾಫ್ಟ್ ಉಳಿಯುತ್ತದೆ. ಎರಡು ಚಕ್ರಗಳನ್ನೂ ಒಟ್ಟಿಗೇ ಸುತ್ತುವಂತೆ ಬಿಗಿಯುವ ಲಾಕರ್ ಹಾಕಿಸಿದಾಗ ಈ ರಕ್ಷಣೆ ಹೋಗುತ್ತದೆ: ಹಿಡಿತವಿರುವ ಒಂದೇ ಚಕ್ರದ ಶಾಫ್ಟಿಗೆ ಇಡೀ ಬಲ ಬಂದುಬಿಡಬಹುದು. ಟಯರಿನದೂ ಹಾಗೆಯೇ. 29 ಇಂಚಿನ ಟಯರ್ ಇದ್ದಲ್ಲಿ 35 ಇಂಚಿನದು ಹಾಕಿದರೆ, ನೆಲದ ಹಿಡಿತ ಅಷ್ಟೇ ಇದ್ದರೂ ಶಾಫ್ಟನ್ನು ತಿರುಚುವ ಬಲ ಐದನೇ ಒಂದು ಭಾಗದಷ್ಟು ಏರುತ್ತದೆ, ಏಕೆಂದರೆ ಸನ್ನೆಯ ಉದ್ದವೇ ಹೆಚ್ಚಾಯಿತು. ಇನ್ನೊಂದು ಕಡೆ, ಡಾನಾ 44ರ ಶಾಫ್ಟ್ ದಪ್ಪದಲ್ಲಿ ಸುಮಾರು 3 ಮಿಲಿಮೀಟರ್ ಮಾತ್ರ ಹೆಚ್ಚು, ಹಲ್ಲು 30. ಆದರೆ ತಿರುಚನ್ನು ತಾಳುವ ಶಕ್ತಿ ವ್ಯಾಸದ ಘನಕ್ಕೆ ತಕ್ಕಂತೆ ಏರುವುದರಿಂದ, ಉಕ್ಕು ಒಂದೇ ಆಗಿದ್ದರೂ ಆ 3 ಮಿಲಿಮೀಟರಿನಿಂದ ಬಲ ಮೂರನೇ ಒಂದು ಭಾಗಕ್ಕಿಂತ ಹೆಚ್ಚಾಗುತ್ತದೆ. ಕ್ರೌನ್ ಚಕ್ರದ ವ್ಯಾಸ ಡಾನಾ 35ರಲ್ಲಿ 7.5 ಇಂಚಿಗೆ ತುಸು ಮೇಲೆ, ಡಾನಾ 44ರಲ್ಲಿ 8.5 ಇಂಚು.

ಈ ಲೆಕ್ಕದಿಂದ ನನಗೆ ಮುಖ್ಯವಾಗಿ ಕಾಣುವುದು ಒಂದೇ ಸಂಗತಿ. ಆಕ್ಸಲ್ ತನ್ನಷ್ಟಕ್ಕೆ ಗಟ್ಟಿಯೂ ಅಲ್ಲ, ದುರ್ಬಲವೂ ಅಲ್ಲ. ಹಳೆಯ ಟಯರಿನಲ್ಲಿ ಮಣ್ಣುದಾರಿಯಲ್ಲಿ ಹೋಗುವ ಗಾಡಿಗೆ ಡಾನಾ 35 ಸಾಕಾದಷ್ಟು ಗಟ್ಟಿ. ಎಷ್ಟೋ ಗಾಡಿಗಳಲ್ಲಿ ಅದು ವರ್ಷಾನುಗಟ್ಟಲೆ ತೊಂದರೆ ಕೊಡದೆ ದುಡಿದಿದೆ. ಅದೇ ಆಕ್ಸಲ್ 35 ಇಂಚಿನ ಟಯರ್, ಲಾಕರ್, ಎರಡು ಬಂಡೆಗಳ ನಡುವೆ ಸಿಕ್ಕಿಕೊಂಡ ಚಕ್ರ ಮತ್ತು ಅವಸರದ ಬಲಗಾಲು ಇವೆಲ್ಲ ಕೂಡಿದಾಗ ಮುರಿಯುತ್ತದೆ. ದುರ್ಬಲ ಎಂಬುದು ಭಾಗದ ಗುಣವಲ್ಲ. ಭಾಗ, ಭಾರ, ದಾರಿ, ಓಡಿಸುವವನು ಈ ನಾಲ್ಕರ ನಡುವಿನ ಸಂಬಂಧ. ಗಾಡಿಯ ಭಾಗಗಳ ಕುರಿತು ತತ್ತ್ವದ ಮಾತು ಎತ್ತಿದ ಕೂಡಲೇ ಬೌದ್ಧ ಭಿಕ್ಷು ನಾಗಸೇನ ಮಿಲಿಂದ ರಾಜನಿಗೆ ಹಾಕಿದ ಪ್ರಶ್ನೆ ನೆನಪಾಗುವುದು ಸಹಜ: ರಥವೆಂದರೆ ಅಚ್ಚೇ, ಗಾಲಿಯೇ, ನೊಗವೇ? ಅಚ್ಚು ಬದಲಿಸಿದ ಜೀಪು ಅದೇ ಜೀಪೇ ಎಂಬುದು ಚರ್ಚೆಗೆ ಸೊಗಸಾದ ವಿಷಯ, ಆದರೆ ಅದಕ್ಕೆ ಯಾವ ಉತ್ತರ ಕೊಟ್ಟರೂ ಓಡಿಸುವವನ ನಡತೆ ಬದಲಾಗುವುದಿಲ್ಲ. ನಾಗಸೇನನಿಂದ ನಾನು ಇಲ್ಲಿ ತೆಗೆದುಕೊಳ್ಳುವುದು ಇನ್ನೊಂದು ಪಾಠ: ಬಿಡಿ ಭಾಗದಲ್ಲಿ ಹುಡುಕಿದರೆ ಸಿಗದ್ದು ಭಾಗಗಳ ಕೂಟದಲ್ಲಿರುತ್ತದೆ. ಬಲವೂ ಹಾಗೆಯೇ ಕೂಟದಲ್ಲಿದೆ, ಮತ್ತು ಆ ಕೂಟದೊಳಗೆ ಒಡೆಯನ ಇಚ್ಛೆಯೂ ಸೇರಿದೆ.

ಇಚ್ಛೆ ಸೇರಿದ್ದರಿಂದಲೇ ಈ ಕೆಲಸಕ್ಕೆ ಕೊನೆ ಕಾಣುವುದು ಕಷ್ಟ. ದೊಡ್ಡ ಟಯರಿಗಾಗಿ ಗಾಡಿಯನ್ನು ಎತ್ತರಿಸಬೇಕು. ಟಯರ್ ದೊಡ್ಡದಾದಾಗ ಎಂಜಿನ್ ಎಳೆಯಲಾರದೆ ಹೋಗುತ್ತದೆ, ಆಗ ಕ್ರೌನ್–ಪಿನಿಯನ್ ಬದಲಿಸಬೇಕು. ಅದನ್ನು ಬಿಚ್ಚಿದ ಮೇಲೆ ಲಾಕರ್ ಈಗಲೇ ಹಾಕಿಸುವುದು ಲಾಭ ಎನಿಸುತ್ತದೆ. ಲಾಕರ್ ಬಂದ ಮೇಲೆ ಶಾಫ್ಟ್ ಸಾಲದು. ಶಾಫ್ಟ್ ಗಟ್ಟಿಯಾದ ಮೇಲೆ ಮುರಿತ ಹಿಂದಕ್ಕೆ ಸರಿದು ಪ್ರೊಪೆಲ್ಲರ್ ಶಾಫ್ಟಿನ ಯು–ಜಾಯಿಂಟಿಗೆ ಬರುತ್ತದೆ, ಅಥವಾ ಮುಂದಿನ ಡಾನಾ 30 ಆಕ್ಸಲ್‌ಗೆ. ಪ್ರತಿ ಹೆಜ್ಜೆಯಲ್ಲೂ ಕಾರಣ ಸರಿಯಾಗಿದೆ. ಯಾವ ಹೆಜ್ಜೆಯನ್ನೂ ಮೂರ್ಖತನ ಎನ್ನಲಾಗದು. ಆದರೂ ಒಟ್ಟು ಸಾಲನ್ನು ನೋಡಿದರೆ, ಹೊರಟವನು ತಲುಪಿದ ಜಾಗವನ್ನು ಅವನೇ ಯಾವತ್ತೂ ಆರಿಸಿಕೊಂಡಿರಲಿಲ್ಲ ಎಂಬುದು ಕಾಣುತ್ತದೆ. ಸರಿಯಾದ ಹೆಜ್ಜೆಗಳು ಸೇರಿ ತಪ್ಪಾದ ದಾರಿಯಾಗುವ ಈ ಬಗೆಯನ್ನು ನಮ್ಮ ದೇಶದ ಧರ್ಮಚಿಂತಕರು ಬಹಳ ಹಿಂದೆಯೇ ಗುರುತಿಸಿದ್ದರು. ಅವರಲ್ಲಿ ಇದನ್ನು ಗೃಹಸ್ಥನ ದಿನಬಳಕೆಯ ಮಟ್ಟಕ್ಕೆ ಇಳಿಸಿ, ಲೆಕ್ಕ ಹಾಕಿ ಬರೆದವರು ಜೈನಾಚಾರ್ಯರು.

ಸಮಂತಭದ್ರರ ಹೆಸರು ಕನ್ನಡ ಓದುಗರಿಗೆ ಹೊಸದಲ್ಲ. ಹಳಗನ್ನಡದ ಜೈನ ಕವಿಗಳಲ್ಲಿ ಅನೇಕರು ಸಮಂತಭದ್ರ, ಕವಿಪರಮೇಷ್ಠಿ, ಪೂಜ್ಯಪಾದ ಈ ಮೂವರನ್ನು ನೆನೆದೇ ಕಾವ್ಯಕ್ಕೆ ತೊಡಗುತ್ತಿದ್ದರು. ಅವರ ‘ರತ್ನಕರಂಡಕ ಶ್ರಾವಕಾಚಾರ’ ನೂರೈವತ್ತು ಶ್ಲೋಕಗಳ ಸಣ್ಣ ಸಂಸ್ಕೃತ ಗ್ರಂಥ. ಮನೆ, ಹೊಲ, ವ್ಯಾಪಾರ ಬಿಡಲಾಗದವರು ಹೇಗೆ ಬಾಳಬೇಕು ಎಂಬುದು ಅದರ ವಿಷಯ. ಗೃಹಸ್ಥರ ಐದು ಸಣ್ಣ ವ್ರತಗಳಾದ ಅಣುವ್ರತಗಳನ್ನು ಹೇಳಿದ ಮೇಲೆ ಅವರು ಮೂರು ಗುಣವ್ರತಗಳನ್ನು ಹೇಳುತ್ತಾರೆ. ಅವುಗಳಲ್ಲಿ ಮೊದಲನೆಯದು ದಿಗ್ವ್ರತ: ಹತ್ತು ದಿಕ್ಕುಗಳಲ್ಲಿ ತಾನು ಹೋಗುವ ದೂರಕ್ಕೆ ಗಡಿ ಹಾಕಿಕೊಂಡು, ಬದುಕಿರುವವರೆಗೆ ಅದರಾಚೆ ಹೋಗೆನೆಂದು ಸಂಕಲ್ಪ ಮಾಡುವುದು. ಗಡಿ ಕಲ್ಪನೆಯದಾಗಿರಬಾರದು, ಕಡಲು, ಹೊಳೆ, ಅಡವಿ, ಬೆಟ್ಟ, ನಾಡು, ಯೋಜನದ ಅಳತೆ, ಹೀಗೆ ಎಲ್ಲರಿಗೂ ಗೊತ್ತಿರುವ ಗುರುತುಗಳನ್ನೇ ಹಿಡಿಯಬೇಕು ಎನ್ನುತ್ತಾರೆ. ಇದರ ಫಲವಾಗಿ ಅವರು ಹೇಳುವ ಮಾತು ನನ್ನನ್ನು ಪ್ರತಿ ಸಲವೂ ಬೆರಗುಗೊಳಿಸುತ್ತದೆ. ಗಡಿಯೊಳಗೆ ಈ ಮನುಷ್ಯ ಇನ್ನೂ ಗೃಹಸ್ಥ. ಉಳುತ್ತಾನೆ, ಅಡುಗೆ ಮಾಡುತ್ತಾನೆ, ಸಣ್ಣಪುಟ್ಟ ಹಿಂಸೆ ಅವನಿಂದ ಆಗಿಯೇ ಆಗುತ್ತದೆ. ಗಡಿಯಾಚೆಗಿನ ಇಡೀ ಜಗತ್ತಿಗೆ ಮಾತ್ರ ಅವನು ಮುನಿಗೆ ಸಮಾನ, ಏಕೆಂದರೆ ಅಲ್ಲಿ ಅವನಿಂದ ಎಳ್ಳಷ್ಟೂ ಕೇಡು ಆಗುವುದಿಲ್ಲ. ಅವನ ಅಣುವ್ರತಗಳೇ ಅಲ್ಲಿ ಮುನಿಗಳ ಮಹಾವ್ರತಗಳಾಗಿ ಪರಿಣಮಿಸುತ್ತವೆ. ಹೋಗದೆ ಇರುವುದನ್ನು ಕೊರತೆಯೆಂದು ಎಣಿಸುವ ನಮ್ಮ ಕಾಲಕ್ಕೆ, ಹೋಗದೆ ಇರುವುದೇ ಒಂದು ಪೂರ್ಣ ಕ್ರಿಯೆ ಎಂಬ ಈ ವಿಚಾರ ಬಹಳ ದೊಡ್ಡದು.

ವ್ರತಗಳಿಗಿಂತಲೂ ನನ್ನ ವಾದಕ್ಕೆ ಹತ್ತಿರವಾದದ್ದು ಅವುಗಳ ಅತಿಚಾರಗಳ ಪಟ್ಟಿ. ವ್ರತ ಪೂರ್ತಿ ಮುರಿಯದೆ, ಒಳಗೊಳಗೇ ಸಡಿಲವಾಗುವ ಬಗೆಗಳಿವು. ಪರಿಗ್ರಹಕ್ಕೆ (ಕೂಡಿಹಾಕುವುದಕ್ಕೆ) ಮಿತಿ ಹಾಕಿಕೊಳ್ಳುವ ವ್ರತವನ್ನು ಸಮಂತಭದ್ರರು ಇಚ್ಛಾಪರಿಮಾಣ ಎಂದೂ ಕರೆಯುತ್ತಾರೆ, ಅಂದರೆ ಅಳತೆ ಹಾಕಬೇಕಾದದ್ದು ವಸ್ತುವಿಗಲ್ಲ, ಬಯಕೆಗೆ. ಅದರ ಐದು ಅತಿಚಾರಗಳಲ್ಲಿ ಮೊದಲನೆಯದು ಅತಿವಾಹನ, ಕೊನೆಯದು ಅತಿಭಾರವಹನ: ಲಾಭದ ಆಸೆಗೆ ಎತ್ತು ಕುದುರೆಗಳನ್ನು ಅವುಗಳ ಶಕ್ತಿ ಮೀರಿ ಓಡಿಸುವುದು, ಶಕ್ತಿ ಮೀರಿ ಹೇರುವುದು. ಆಸೆಯ ತಪ್ಪನ್ನು ಹೇಳುವಲ್ಲಿ ಅವರು ತಿಜೋರಿಯನ್ನು ಮೊದಲು ನೋಡಲಿಲ್ಲ, ಗಾಡಿಯನ್ನು ನೋಡಿದರು. ದಿಗ್ವ್ರತದ ಅತಿಚಾರಗಳೂ ಐದು. ಮೇಲಕ್ಕೆ ಏರುವುದರಲ್ಲಿ ಗಡಿ ಮೀರುವುದು, ಕೆಳಕ್ಕೆ ಇಳಿಯುವುದರಲ್ಲಿ ಮೀರುವುದು, ಅಡ್ಡಡ್ಡಲಾಗಿ ಮೀರುವುದು, ಕ್ಷೇತ್ರವನ್ನು ಹಿಗ್ಗಿಸಿಕೊಳ್ಳುವುದು, ಹಾಕಿಕೊಂಡ ಎಲ್ಲೆಯನ್ನು ಮರೆಯುವುದು. ಬಂಡೆ ಏರುವ, ಕಣಿವೆಗೆ ಇಳಿಯುವ, ಓರೆಯಲ್ಲಿ ಸಾಗುವ ಗಾಡಿಯವರಿಗೆ ಈ ಮೊದಲ ಮೂರನ್ನು ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಗಮನ ನಾಲ್ಕನೆಯದರ ಮೇಲೆ. ಕ್ಷೇತ್ರವೃದ್ಧಿ ಒಂದೇ ಏಟಿಗೆ ಆಗುವ ಉಲ್ಲಂಘನೆಯಲ್ಲ. ಎಲ್ಲೆ ಇದೆ ಎಂದು ಹೇಳುತ್ತಲೇ ಅದನ್ನು ಸ್ವಲ್ಪ ಸ್ವಲ್ಪ ಆಚೆಗೆ ಇಡುತ್ತ ಹೋಗುವುದು. ಟಯರಿನಿಂದ ಲಾಕರಿಗೆ, ಲಾಕರಿನಿಂದ ಆಕ್ಸಲ್‌ಗೆ ಬಂದ ಸಾಲು ಇದೇ ಅಲ್ಲವೇ? ಆಕ್ಸಲ್ ಬಲಪಡಿಸಿದವನು ನಿನ್ನೆಯ ದಾರಿಯಲ್ಲೇ ಹೆಚ್ಚು ನೆಮ್ಮದಿಯಿಂದ ಓಡಾಡುತ್ತಾನೆಯೇ, ಇಲ್ಲ ಇನ್ನೂ ಕಠಿಣವಾದ ದಾರಿ ಹುಡುಕುತ್ತಾನೆಯೇ ಎಂದು ನೋಡಿದರೆ ಸಾಕು, ಎಲ್ಲೆ ಎಲ್ಲಿತ್ತು ಎಂಬುದು ತಿಳಿಯುತ್ತದೆ.

ಇದು ಒಬ್ಬೊಬ್ಬರ ಮನಸ್ಸಿನ ವಿಚಾರ ಮಾತ್ರವಲ್ಲ. ಯೂಟಾ ರಾಜ್ಯದ ಮೋಅಬ್ ಪಟ್ಟಣದ ಸುತ್ತಲಿನ ಕೆಂಪು ಮರಳುಗಲ್ಲಿನ ನಾಡಿನಲ್ಲಿ 1967ರಿಂದ ಈಸ್ಟರ್ ಜೀಪ್ ಸಫಾರಿ ನಡೆದುಬಂದಿದೆ. ಟಿಜೆ ಗಾಡಿಯವರ ಯಾತ್ರಾಸ್ಥಳ ಅದು. ಅಲ್ಲಿನ ಬಂಡೆಗಳ ನಡುವಿನ ಮರಳು ಬರಿಯ ಮರಳಲ್ಲ. ಸಯನೋಬ್ಯಾಕ್ಟೀರಿಯಾ, ಕಲ್ಲುಹೂವು, ಹಾವಸೆಗಳು ಹೆಣೆದುಕೊಂಡು ಮಾಡಿದ ಕಪ್ಪು ಉಬ್ಬುತಗ್ಗಿನ ಜೀವಂತ ಹೊದಿಕೆ ಅದರ ಮೇಲಿರುತ್ತದೆ. ಮರಳು ಗಾಳಿಗೆ ಹಾರಿಹೋಗದಂತೆ ಹಿಡಿಯುವುದು, ಬಂದಷ್ಟು ಮಳೆನೀರನ್ನು ಉಳಿಸುವುದು, ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವುದು ಎಲ್ಲ ಅದೇ. ಒಂದು ಟಯರ್ ಅದರ ಮೇಲೆ ಹಾದರೆ ಮತ್ತೆ ಕೂಡಿಬರಲು ದಶಕಗಳು ಬೇಕು. 1972ರಲ್ಲಿ ಅಧ್ಯಕ್ಷ ನಿಕ್ಸನ್ ಹೊರಡಿಸಿದ ಆದೇಶವೊಂದು ದೇಶದಲ್ಲಿ ಆಗಲೇ ಸುಮಾರು 50 ಲಕ್ಷ ಆಫ್‌ರೋಡ್ ವಾಹನಗಳಿವೆ ಎಂದು ಅಂದಾಜಿಸಿ, ಸರಕಾರಿ ಭೂಮಿಯಲ್ಲಿ ಅವು ಎಲ್ಲಿ ಓಡಬಹುದು, ಎಲ್ಲಿ ಕೂಡದು ಎಂದು ಗುರುತಿಸಲು ಇಲಾಖೆಗಳಿಗೆ ಹೇಳಿತು. 1977ರಲ್ಲಿ ಅಧ್ಯಕ್ಷ ಕಾರ್ಟರ್ ಅದನ್ನು ಬಿಗಿಗೊಳಿಸಿ, ಹಾನಿಯಾಗುತ್ತಿರುವ ಜಾಗವನ್ನು ಕೂಡಲೇ ಮುಚ್ಚಬೇಕೆಂದರು. ಅಲ್ಲಿ ಆದದ್ದನ್ನು ಶ್ರಾವಕಾಚಾರದ ಮಾತಿನಲ್ಲಿ ಹೇಳುವುದಾದರೆ, ಜನ ತಾವಾಗಿ ಹಾಕಿಕೊಳ್ಳದ ದಿಕ್ಕಿನ ಗಡಿಯನ್ನು ಸರಕಾರ ಹಾಕಬೇಕಾಯಿತು. ಕಾನೂನಿನ ಗಡಿ ಬೇಕು, ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಅದು ನಕ್ಷೆಯಲ್ಲಿರುತ್ತದೆ, ಗಸ್ತಿನವರಿಲ್ಲದಲ್ಲಿ ಗಾಡಿಯನ್ನು ತಡೆಯುವ ಶಕ್ತಿ ಅದಕ್ಕಿಲ್ಲ.

ಇಲ್ಲಿಗೆ ಮೊದಲ ಆಕ್ಷೇಪ ಬರುತ್ತದೆ, ಮತ್ತು ಅದು ಗಟ್ಟಿಯಾದ ಆಕ್ಷೇಪ. ಅತಿಭಾರವನ್ನು ಆಚಾರ್ಯರು ದೋಷವೆಂದದ್ದು ಎತ್ತಿಗೆ ನೋವಾಗುತ್ತದೆ ಎಂದು. ಉಕ್ಕಿನ ಶಾಫ್ಟಿಗೆ ನೋವಿಲ್ಲ. ಇನ್ನೊಂದು ಜೈನ ಗ್ರಂಥವಾದ ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ವಂತೂ ಅತಿಭಾರ ಹೇರುವುದನ್ನು ಅಹಿಂಸಾವ್ರತದ ಅತಿಚಾರಗಳಲ್ಲೇ ಸೇರಿಸುತ್ತದೆ. ಹಾಗಿರುವಾಗ ಯಂತ್ರದ ವಿಷಯದಲ್ಲಿ ಈ ಮಾತೆತ್ತುವುದು ಬಲವಂತದ ಹೋಲಿಕೆಯಲ್ಲವೇ? ಶಾಫ್ಟಿಗೆ ನೋವಿಲ್ಲ, ಒಪ್ಪಿದೆ. ಆದರೆ ಸಮಂತಭದ್ರರು ಅದೇ ದೋಷವನ್ನು ಅಹಿಂಸೆಯ ಕೆಳಗಲ್ಲದೆ ಬಯಕೆಯ ಮಿತಿಯ ಕೆಳಗೆ ಇಟ್ಟದ್ದಕ್ಕೆ ಅರ್ಥವಿದೆ: ಅಲ್ಲಿ ಅವರ ಕಣ್ಣು ಇದ್ದದ್ದು ಎತ್ತಿನ ಬೆನ್ನಿನ ಜೊತೆಗೆ ಹೇರುವವನ ಮನಸ್ಸಿನ ಮೇಲೆ. ನೋವು ಪಡುವ ಎತ್ತಿಗೆ ಇನ್ನೊಂದು ಗುಣವೂ ಇತ್ತು. ಅದು ನಿಲ್ಲುತ್ತಿತ್ತು, ಮುಗ್ಗರಿಸುತ್ತಿತ್ತು. ಮಿತಿ ಮೀರಿದ್ದನ್ನು ಒಡೆಯನಿಗೆ ತಿಳಿಸುತ್ತಿತ್ತು. ಯಂತ್ರ ಮುರಿಯುವವರೆಗೆ ಸುಮ್ಮನಿರುತ್ತದೆ. ಆದ್ದರಿಂದ ಎತ್ತಿನ ಕಾಲಕ್ಕಿಂತ ಯಂತ್ರದ ಕಾಲದಲ್ಲಿ ಒಳಗಿನ ಅಳತೆ ಹೆಚ್ಚು ಬೇಕು. ಇನ್ನು ಹಿಂಸೆಯ ಮಾತು. ಮೂರು ಗುಣವ್ರತಗಳಲ್ಲಿ ಇನ್ನೊಂದಾದ ಅನರ್ಥದಂಡವ್ರತವು ಪ್ರಯೋಜನವಿಲ್ಲದ ಕೇಡನ್ನು ತಡೆಯುವ ವ್ರತ. ಅದರಲ್ಲಿ ಪ್ರಮಾದಚರ್ಯೆ ಎಂಬ ವಿಭಾಗವಿದೆ. ಕಾರಣವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹಚ್ಚುವುದು, ಗಿಡ ಕಡಿಯುವುದು ಅದರಲ್ಲಿ ಬರುತ್ತವೆ. ಸುಮ್ಮನೆ ಅಲೆಯುವುದು ಮತ್ತು ಇತರರನ್ನು ಅಲೆಯುವಂತೆ ಮಾಡುವುದೂ ಬರುತ್ತವೆ. ಆ ಪಟ್ಟಿಯಲ್ಲಿ ನೆಲ ಮೊದಲು ಬರುತ್ತದೆ. ಹಿಂದಿನ ಎರಡು ಚಕ್ರ ಲಾಕ್ ಆಗಿ ಮಣ್ಣನ್ನು ಅಗೆದು ಎಸೆಯುವಾಗ ನೋವು ಶಾಫ್ಟಿನದಲ್ಲ, ಅದರ ಕೆಳಗಿನದ್ದು.

ಎರಡನೆಯ ಆಕ್ಷೇಪ ಸುರಕ್ಷತೆಯದು, ಮತ್ತು ಇದಕ್ಕೆ ನಾನು ಬಹುಪಾಲು ಮಣಿಯುತ್ತೇನೆ. ಡಾನಾ 35ರ ಬಹುತೇಕ ಆಕ್ಸಲ್‌ಗಳಲ್ಲಿ ಶಾಫ್ಟನ್ನು ಒಳಗಿನ ತುದಿಯಲ್ಲಿ ಹಿಡಿದಿರುವುದು ಇಂಗ್ಲಿಷ್ ಸಿ ಅಕ್ಷರದ ಆಕಾರದ ಒಂದು ಸಣ್ಣ ಕ್ಲಿಪ್ಪು. ಶಾಫ್ಟ್ ಮುರಿದರೆ ಹೊರಗಿನ ತುಂಡನ್ನು ಹಿಡಿಯುವುದು ಏನೂ ಇರುವುದಿಲ್ಲ. ಚಕ್ರ ಶಾಫ್ಟಿನ ಸಮೇತ ಹೌಸಿಂಗಿನಿಂದ ಹೊರಗೆ ಸರಿದು ಬರಬಹುದು. ಅದೇ ಗಾಡಿ ಮರುದಿನ ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ಹೋಗುತ್ತದೆ. ಇಂಥಲ್ಲಿ ಎಲ್ಲೆಯ ಮಾತಾಡುತ್ತ ದುರ್ಬಲವಾದ ಆಕ್ಸಲ್ಲನ್ನು ಉಳಿಸಿಕೊಳ್ಳುವುದು ಸಂಯಮವಲ್ಲ, ಪ್ರಮಾದ. ಆದರೆ ಈ ಆಕ್ಷೇಪ ನನ್ನ ವಾದವನ್ನು ಕೆಡವುವುದಿಲ್ಲ, ಅದರ ಅಂಚನ್ನು ಸರಿಯಾಗಿ ಕೊಯ್ಯುತ್ತದೆ. ಈಗಾಗಲೇ ಒಪ್ಪಿಕೊಂಡ ದಾರಿಯಲ್ಲಿ, ಈಗಾಗಲೇ ಹೊತ್ತ ಭಾರಕ್ಕೆ, ಮುರಿಯದಂತೆ ಒಂದಿಷ್ಟು ಹೆಚ್ಚಿನ ಬಲ ಇಟ್ಟುಕೊಳ್ಳುವುದು ಒಂದು. ಇನ್ನೂ ಹೋಗದ ದಾರಿಗಾಗಿ ಬಲ ಕೂಡಿಸುವುದು ಇನ್ನೊಂದು. ಮೊದಲನೆಯದು ಜೊತೆಯವರಿಗೆ ಸಲ್ಲಬೇಕಾದ ಋಣ. ಎರಡನೆಯದು ಸುರಕ್ಷತೆಯ ಹೆಸರಿನಲ್ಲಿ ಬಂದರೂ ಕ್ಷೇತ್ರವೃದ್ಧಿಯೇ. ಇವೆರಡನ್ನು ಬೇರ್ಪಡಿಸಲು ಎಲ್ಲೆ ಮೊದಲೇ ಹಾಕಿರಬೇಕು. ಇಲ್ಲದಿದ್ದರೆ ಯಾವುದು ಕಾಪು, ಯಾವುದು ಹೆಬ್ಬಯಕೆ ಎಂದು ಸ್ವತಃ ಒಡೆಯನಿಗೂ ತಿಳಿಯದು. ಸುರಕ್ಷತೆಯನ್ನೇ ನಿಜವಾಗಿ ಕೇಳುವವನು ಇನ್ನೊಂದನ್ನೂ ಗಮನಿಸಬೇಕು: ಬಹಳ ಜನ ಬದಲಿಗೆ ತರುವ ಫೋರ್ಡ್ 8.8ರಲ್ಲೂ ಶಾಫ್ಟನ್ನು ಹಿಡಿದಿರುವುದು ಅದೇ ಬಗೆಯ ಕ್ಲಿಪ್ಪು. ಅದು ಮುರಿಯುವ ಸಾಧ್ಯತೆ ಕಡಿಮೆ, ಶಾಫ್ಟ್ 31 ಹಲ್ಲಿನದು, 1995ರ ನಂತರದವುಗಳಲ್ಲಿ ಡಿಸ್ಕ್ ಬ್ರೇಕೂ ಇರುತ್ತದೆ. ಆದರೆ ಮುರಿದಾಗ ಚಕ್ರ ಹೊರಬರುವ ಭಯ ಮೂಲದಲ್ಲಿ ಹಾಗೇ ಉಳಿಯುತ್ತದೆ. ಟಿಜೆಗೆ ಬಂದ ಡಾನಾ 44ರಲ್ಲಿ ಶಾಫ್ಟನ್ನು ಹೊರತುದಿಯಲ್ಲಿ ಬೋಲ್ಟು ಹಾಕಿ ಹಿಡಿದಿರುವುದರಿಂದ ಆ ಭಯವಿಲ್ಲ.

ಮೂರನೆಯ ಆಕ್ಷೇಪವನ್ನು ಜೈನ ಗ್ರಂಥದಿಂದಲೇ ಎತ್ತಬಹುದು. ‘ತತ್ತ್ವಾರ್ಥಸೂತ್ರ’ದ ಪ್ರಕಾರ ಪರಿಗ್ರಹವೆಂದರೆ ವಸ್ತುವಲ್ಲ, ಮೂರ್ಛೆ, ವಸ್ತುವಿನ ಮೇಲಿನ ಮಮಕಾರ. ಹಾಗಾದರೆ ಗಟ್ಟಿ ಆಕ್ಸಲ್ ಇಟ್ಟುಕೊಂಡೂ ಮನಸ್ಸನ್ನು ಹಿಡಿತದಲ್ಲಿಟ್ಟುಕೊಂಡವನಿಗೆ ಯಾವ ದೋಷವೂ ಇಲ್ಲವಲ್ಲ? ಇಲ್ಲ, ನಿಜವಾಗಿಯೂ ಇಲ್ಲ. ಡಾನಾ 44 ಪಾಪವಲ್ಲ, ಡಾನಾ 35 ಪುಣ್ಯವಲ್ಲ. ಈ ಸೂತ್ರ ಎರಡೂ ಕಡೆಗೆ ಕೊಯ್ಯುತ್ತದೆ ಎಂಬುದನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಕಂಪನಿಯಿಂದ ಬಂದ ಮೂಲಭಾಗ ಎಂಬ ಒಂದೇ ಕಾರಣಕ್ಕೆ, ಎರಡು ಸಲ ಶಾಫ್ಟ್ ಮುರಿದ ಮೇಲೂ ಹಳೆಯ ಆಕ್ಸಲ್ಲಿಗೆ ಅಂಟಿಕೊಂಡಿರುವುದೂ ಮೂರ್ಛೆಯೇ. ಅದಕ್ಕೆ ಆಗಲೇ ಇಷ್ಟು ದುಡ್ಡು ಸುರಿದಿದ್ದೇನೆ, ಈಗ ಕಳಚಿದರೆ ಎಲ್ಲ ವ್ಯರ್ಥ ಎಂದು ಮತ್ತೆ ಅದಕ್ಕೇ ಸುರಿಯುವುದು ಇನ್ನೂ ಗಟ್ಟಿಯಾದ ಮೂರ್ಛೆ. ಆದ್ದರಿಂದ ನಾನು ಹೇಳುತ್ತಿರುವುದು ಕಡಿಮೆಯೇ ಒಳ್ಳೆಯದು ಎಂಬ ಮಾತಲ್ಲ. ಅಳತೆ ಮೊದಲು, ಆಯ್ಕೆ ಆಮೇಲೆ ಎಂಬ ಕ್ರಮದ ಮಾತು. ಮಮಕಾರವಿಲ್ಲದವನಿಗೆ ಎಲ್ಲೆ ಬೇಕಿಲ್ಲ ಎಂದು ವಾದಿಸಬಹುದು; ಆದರೆ ಮಮಕಾರ ಇದೆಯೋ ಇಲ್ಲವೋ ಎಂದು ತನ್ನೊಳಗೆ ತಾನೇ ನೋಡಿ ಹೇಳುವುದು ಎಷ್ಟು ಕಷ್ಟ ಎಂಬುದು ಆಚಾರ್ಯರಿಗೆ ಗೊತ್ತಿತ್ತು. ಅದಕ್ಕೇ ಅವರು ಒಳಗಿನ ಸ್ಥಿತಿಯನ್ನು ಪರೀಕ್ಷಿಸಲು ಹೊರಗಿನ ಗುರುತು ಕೇಳಿದರು: ಯಾವ ಹೊಳೆ, ಯಾವ ಬೆಟ್ಟ, ಎಷ್ಟು ಯೋಜನ?

ಇನ್ನೊಂದು ಆಕ್ಷೇಪವಿದೆ, ಅದನ್ನು ಎತ್ತುವವರ ಮೇಲೆ ನನಗೆ ಗೌರವವಿದೆ. ಹೊಸ ದಾರಿ ಹುಡುಕುವುದು ಮನುಷ್ಯನ ಉತ್ತಮ ಗುಣ. ಕಷ್ಟದ ಬಂಡೆಯನ್ನು ಅಂಗುಲ ಅಂಗುಲವಾಗಿ ಏರುವುದರಲ್ಲಿ ಕಲೆಯಿದೆ, ಧೈರ್ಯವಿದೆ, ಏಕಾಗ್ರತೆಯಿದೆ. ದಿಗ್ವ್ರತ ಇವೆಲ್ಲವನ್ನೂ ಮೊಟಕುಗೊಳಿಸುವ ಅಂಜುಬುರುಕರ ನೀತಿ ಎನ್ನಬಹುದು. ಶ್ರವಣಬೆಳಗೊಳದ 12ನೇ ಶತಮಾನದ ಮಲ್ಲಿಷೇಣ ಪ್ರಶಸ್ತಿಯಲ್ಲಿ ಬರುವ ಚಿತ್ರದ ಪ್ರಕಾರ, ಸಮಂತಭದ್ರರೇ ಪಾಟಲಿಪುತ್ರ, ಮಾಳವ, ಸಿಂಧು, ಕಾಂಚಿ, ವಿದಿಶೆಗಳಲ್ಲಿ ವಾದಭೇರಿ ಬಾರಿಸಿ, ಕೊನೆಗೆ ಕರಹಾಟಕಕ್ಕೆ ಬಂದವರು. ಗೃಹಸ್ಥರಿಗೆ ಗಡಿ ಹೇಳಿದವರು ತಾವು ಹೀಗೆ ಸುತ್ತಿದರೇ ಎಂದು ಕೇಳಿದರೆ, ಉತ್ತರ ಆ ಚಿತ್ರದಲ್ಲೇ ಇದೆ. ಅವರು ಮುನಿ, ಕಾಲ್ನಡಿಗೆಯಲ್ಲಿ, ಜೀವಿಗಳಿಗೆ ನೋವಾಗದಂತೆ ಮುಂದಿನ ನೆಲವನ್ನು ನೋಡುತ್ತ ನಡೆಯುವ ನಿಯಮದವರು. ಅವರ ಅಲೆದಾಟಕ್ಕೆ ಪ್ರಯೋಜನವಿತ್ತು, ಅದು ಉಳಿಸಿಹೋದ ಗುರುತು ಮಾತಿನದಷ್ಟೇ. ದೂರ ಹೋಗುವುದು ತಪ್ಪೆಂದು ಅವರು ಹೇಳಲಿಲ್ಲ. ಹೋಗುವವನು ತನ್ನೊಂದಿಗೆ ಏನೇನು ಎಳೆದುಕೊಂಡು ಹೋಗುತ್ತಾನೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡರು. ಕಲೆಯ ಮಾತಿಗೆ ಬಂದರೆ, ಬಂಡೆ ಏರುವ ಕೌಶಲ ಎಲ್ಲೆಯೊಳಗೇ ಬೆಳೆಯುವಂಥದ್ದು. ಬರಿಯ ಡಿಫರೆನ್ಷಿಯಲ್ ಇರುವ ಗಾಡಿಯಲ್ಲಿ ಚಕ್ರ ಎಲ್ಲಿಡಬೇಕು, ಯಾವಾಗ ಕಾಲು ಎತ್ತಬೇಕು ಎಂದು ಕಲಿತವನ ಕೈಗೆ ಬರುವ ಸೂಕ್ಷ್ಮ, ಮೊದಲ ದಿನವೇ ಲಾಕರ್ ಒತ್ತಿ ಹತ್ತಿದವನಿಗೆ ಬರುವುದಿಲ್ಲ. ಕರ್ತವ್ಯದ ದಾರಿಯಂತೂ ಬೇರೆಯೇ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಮಳೆಗಾಲದ ಕೆಸರು ಏರಿನಲ್ಲಿ ಗೊಬ್ಬರದ ಚೀಲ, ಕಾಫಿ ಮೂಟೆ, ಕೆಲಸದ ಜನರನ್ನು ಹೊತ್ತು ಹೋಗುವ ಜೀಪುಗಳ ದಾರಿಯನ್ನು ತೋಟವೇ ನಿರ್ಧರಿಸಿದೆ. ಅಲ್ಲಿ ಆಕ್ಸಲ್ ಸಾಲದೆ ಹೋದರೆ ಬದಲಿಸುವುದರಲ್ಲಿ ಯಾವ ತತ್ತ್ವದ ಗೊಂದಲವೂ ಇಲ್ಲ. ಎಲ್ಲೆ ಮೊದಲೇ ಇದ್ದುದರಿಂದ ಉತ್ತರ ಸುಲಭವಾಯಿತು.

ಹಾಗಾದರೆ ಟಿಜೆಯ ಒಡೆಯ ಏನು ಮಾಡಬೇಕು? ಮಣ್ಣುದಾರಿ, ಕಾಡಿನ ಗುರುತಿಸಿದ ಹಾದಿ, 31 ಇಂಚಿನ ಆಸುಪಾಸಿನ ಟಯರ್, ಇಷ್ಟೇ ತನ್ನ ಎಲ್ಲೆ ಎಂದು ಹಾಕಿಕೊಂಡವನು ಡಾನಾ 35ನ್ನು ಮುಟ್ಟಬೇಕಾಗಿಲ್ಲ. ಅವನ ದುಡ್ಡು ಬೇರಿಂಗು, ಸೀಲು, ಒಳ್ಳೆಯ ಎಣ್ಣೆಗೆ ಹೋಗಲಿ. ಮೋಅಬ್ಬಿನ ಗುರುತಿಸಿದ ಬಂಡೆದಾರಿಗಳೇ ತನ್ನ ಕ್ಷೇತ್ರ, 35 ಇಂಚಿನ ಟಯರ್, ಲಾಕರ್ ಎರಡೂ ಬೇಕೇ ಬೇಕು ಎಂದು ಯೋಚಿಸಿ ನಿಶ್ಚಯಿಸಿದವನು ಇಡೀ ಆಕ್ಸಲ್ ಬದಲಿಸುವುದೇ ಸರಿ. ಅವನು ಹಳೆಯ ಹೌಸಿಂಗಿನಲ್ಲಿ ದಪ್ಪ ಶಾಫ್ಟ್ ತುಂಬಿಸಿದರೆ ಸಣ್ಣ ಕ್ರೌನ್ ಚಕ್ರ ಹಾಗೇ ಉಳಿಯುತ್ತದೆ, ಮುರಿತ ಅಲ್ಲಿಗೆ ಸರಿಯುತ್ತದೆ. ಬದಲಿಸುವ ಕೆಲಸ ಸಣ್ಣದಲ್ಲ: ಫೋರ್ಡ್ ಆಕ್ಸಲ್‌ನ ಬ್ರಾಕೆಟ್‌ಗಳನ್ನು ಕೊಯ್ದು ಟಿಜೆಯ ಸ್ಪ್ರಿಂಗು, ಲಿಂಕುಗಳಿಗೆ ಹೊಂದುವಂಥವನ್ನು ಬೆಸುಗೆ ಹಾಕಬೇಕು, ಪ್ರೊಪೆಲ್ಲರ್ ಶಾಫ್ಟ್ ಹೊಂದಿಸಬೇಕು. ಆ ಶ್ರಮವೇ ಒಂದು ಒಳ್ಳೆಯ ಪರೀಕ್ಷೆ ಎಂದು ನನಗೆ ಅನಿಸುತ್ತದೆ, ಏಕೆಂದರೆ ಇಷ್ಟೆಲ್ಲ ಮಾಡುವವನು ತನ್ನ ಎಲ್ಲೆಯನ್ನು ಬಾಯಿಬಿಟ್ಟು ಹೇಳಲೇಬೇಕಾಗುತ್ತದೆ. ಅನುಮಾನ ಇರುವುದು ನಡುವಿನ ದಾರಿಯ ಬಗ್ಗೆ. 30 ಹಲ್ಲಿನ ಕ್ರೋಮೋಲಿ ಶಾಫ್ಟ್ ಮತ್ತು ಲಾಕರ್ ಸೇರಿಸಿ ಮಾರುವ ಸೂಪರ್ 35 ಕಿಟ್ ಒಳ್ಳೆಯ ಸಾಮಾನೇ. 33 ಇಂಚಿನ ಟಯರಿಗೆ ನಿಲ್ಲುತ್ತೇನೆ ಎಂದು ನಿಜವಾಗಿ ನಿಲ್ಲುವವನಿಗೆ ಅದು ಒಪ್ಪುತ್ತದೆ. ಆದರೆ ಹೆಚ್ಚಿನವರು ಅದನ್ನು ಆರಿಸುವುದು ಎಲ್ಲೆಯನ್ನು ತೀರ್ಮಾನಿಸಿ ಅಲ್ಲ, ತೀರ್ಮಾನವನ್ನು ಮುಂದೂಡಲು. ದೊಡ್ಡ ಬದಲಾವಣೆ ಮಾಡಲಿಲ್ಲ ಎಂಬ ಸಮಾಧಾನವೂ ಇರಲಿ, ದೊಡ್ಡ ದಾರಿಯ ಬಾಗಿಲೂ ತೆರೆದಿರಲಿ ಎಂದು. ಎಲ್ಲೆಯನ್ನು ಮರೆಯುವುದು ಐದನೆಯ ಅತಿಚಾರವಾದದ್ದು ಇದಕ್ಕೇ ಇರಬೇಕು.

ಬದುಕಿನುದ್ದಕ್ಕೂ ಗಡಿ ಹಾಕಿಕೊಳ್ಳುವುದು ಭಾರ ಎನಿಸುವವರಿಗೆ ಗ್ರಂಥದಲ್ಲೇ ಇನ್ನೊಂದು ಏರ್ಪಾಡಿದೆ. ದಿಗ್ವ್ರತದ ವಿಶಾಲ ಗಡಿಯೊಳಗೆ ಕಾಲ ನಿಗದಿ ಮಾಡಿ ಇನ್ನೂ ಕಿರಿದಾದ ಗಡಿ ಹಾಕಿಕೊಳ್ಳುವ ದೇಶಾವಕಾಶಿಕ ವ್ರತ ಅದು. ಒಂದು ವರ್ಷ, ಒಂದು ಋತು, ನಾಲ್ಕು ತಿಂಗಳು, ಒಂದು ಪಕ್ಷ, ಹೀಗೆ ಅವಧಿ. ಮನೆ, ಊರು, ಹೊಲ, ಹೊಳೆ, ಕಾಡು, ಹೀಗೆ ಗುರುತು. ಜೀಪಿನವನಿಗೆ ಇದು ಹೇಳಿ ಮಾಡಿಸಿದಂತಿದೆ. ಆಕ್ಸಲ್ ಬಗ್ಗೆ ಯಾರನ್ನೂ ಕೇಳುವ ಮೊದಲು ಅವನು ಈ ವರ್ಷ ಹೋಗುವ ದಾರಿಗಳನ್ನು ಹೆಸರು ಹಿಡಿದು ಬರೆದಿಡಲಿ, ಹೋಗದ ದಾರಿಗಳನ್ನೂ ಬರೆದಿಡಲಿ. ಟಯರಿನ ಅಳತೆ, ಹೊರುವ ಜನ, ಸಾಮಾನು ಎಲ್ಲ ಅದರಲ್ಲಿರಲಿ. ವರ್ಷ ಮುಗಿದಾಗ ಡಿಫರೆನ್ಷಿಯಲ್ ಕವರ್ ಬಿಚ್ಚಿ ಎಣ್ಣೆ ಇಳಿಸಿ ನೋಡಲಿ. ಬರೆದದ್ದರೊಳಗೇ ಓಡಿಸಿಯೂ ಎಣ್ಣೆಯಲ್ಲಿ ಲೋಹದ ಚೂರು ಕಂಡರೆ, ಶಾಫ್ಟಿನ ಹಲ್ಲು ಓರೆಯಾಗಿ ತಿರುಚಿದ್ದರೆ, ಆಗ ಆ ಆಕ್ಸಲ್ ಆ ದಾರಿಗೆ ಸಾಲದು, ಬದಲಿಸಲು ಹಿಂಜರಿಯಬೇಕಾಗಿಲ್ಲ. ಎಣ್ಣೆ ಚೊಕ್ಕಟವಾಗಿದ್ದೂ ಮನಸ್ಸು ಮಾತ್ರ ದೊಡ್ಡ ಆಕ್ಸಲ್ ಕೇಳುತ್ತಿದ್ದರೆ, ಬರೆದಿಟ್ಟ ಹಾಳೆಯಲ್ಲಿ ಯಾವ ದಾರಿಯ ಹೆಸರನ್ನು ಹೊಸದಾಗಿ ಸೇರಿಸಬೇಕೆಂದು ಅದು ಬಯಸುತ್ತಿದೆ, ಅಲ್ಲಿ ತನಗೇನು ಕೆಲಸ, ಅಲ್ಲಿನ ನೆಲಕ್ಕೆ ಏನಾದೀತು ಎಂದು ಕೇಳಿಕೊಂಡು, ಮುಂದಿನ ವರ್ಷದ ಹಾಳೆಯನ್ನು ಮೊದಲು ಬರೆಯಲಿ.